ಮೈಮೇಲೆ ಪಾಚಿ ಹೊತ್ತ ಸಣ್ಣ ಜೇಡ ಏಡಿ: ತೊಳೆದಿಡಬೇಕೋ, ಹಾಗೇ ಇಡಬೇಕೋ?

ಪ್ರಯೋಗಶಾಲೆ_ಧಾರವಾಡ

ಎಲ್ಲರಿಗೂ ನಮಸ್ಕಾರ. ಧಾರವಾಡದ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯಕ್ಕೆ ಸಂಬಂಧಿಸಿದ ಪ್ರಶ್ನೆ. ಕಾರವಾರದ ಕಲ್ಲುದಂಡೆಯಲ್ಲಿ ಅಮಾವಾಸ್ಯೆಯ ಇಳಿತದ ಹೊತ್ತಿಗೆ ಸರ್ಗಾಸಮ್ ಎಂಬ ಕಡಲಪಾಚಿಯ ಗೊಂಚಲು ಜಾಡಿಸಿದಾಗ ಮೂರು ಸಣ್ಣ ಏಡಿ ಸಿಕ್ಕಿವೆ. ದೊಡ್ಡದರ ಬೆನ್ನುಚಿಪ್ಪು 14 ಮಿ.ಮೀ., ಸಣ್ಣದು 8 ಮಿ.ಮೀ. ಚಿಪ್ಪು ಪೇರಲಹಣ್ಣಿನ ಆಕಾರ, ಹಿಂದೆ ಅಗಲ, ಮುಂದೆ ಕಿರಿದು. ಮುಂದುಗಡೆ ಒಂದೇ ಒಂದು ಉದ್ದನೆಯ ಚೂಪು ಕೊಂಬು, ಅದರ ತುದಿಗೆ ಪಾಚಿಯ ಜುಟ್ಟು. ಕಾಲು ತೆಳ್ಳಗೆ, ನಡಿಗೆ ಬಹಳ ನಿಧಾನ. ಬಣ್ಣ ಹಸಿರುಗಂದು.

ಕೇಳಬೇಕಾದದ್ದು ನಾಲ್ಕು ಸಂಗತಿ. ಇದು ಯಾವ ಜಾತಿ? ಮಾದರಿ ಸ್ವಚ್ಛವಾಗಿ ಕಾಣಲಿ ಅಂತ ಹಲ್ಲುಜ್ಜುವ ಬ್ರಷ್‌ನಿಂದ ಪಾಚಿ ತೆಗೆದಿಡುವುದು ನಮ್ಮಲ್ಲಿ ರೂಢಿ, ಅದು ಸರಿಯೇ? 8ರಿಂದ 14 ಮಿ.ಮೀ. ತನಕದ ಮಾದರಿಗಳನ್ನು ಸಾಲಾಗಿ ಇಟ್ಟು "ಬೆಳವಣಿಗೆಯ ಹಂತಗಳು" ಅಂತ ವಿದ್ಯಾರ್ಥಿಗಳಿಗೆ ತೋರಿಸಬಹುದೇ? ಕೊನೆಯದಾಗಿ, ಮುಂದಿನ ಸಲ ಒಂದೆರಡನ್ನು ಜೀವಂತ ತಂದು ಇಲ್ಲೇ 60 ಲೀಟರ್ ಗಾಜಿನ ತೊಟ್ಟಿಯಲ್ಲಿ ಸಾಕಲು ಆಗುತ್ತದೆಯೇ?

ಇನ್ನೊಂದು: ಮೂರರಲ್ಲಿ ಒಂದು ಏಡಿ ಆಲ್ಕೋಹಾಲಿಗೆ ಹಾಕಿದ ಕೂಡಲೇ ನಾಲ್ಕು ಕಾಲು ಕಳಚಿಕೊಂಡಿತು. ಕಾರಣ ತಿಳಿದವರು ಹೇಳಿ.

ಇಳಿತದ_ಹೊತ್ತು

ಬ್ರಷ್ ಮೊದಲು ಕೆಳಗಿಡಿ. ಅದು ಮೈಮೇಲೆ ತಾನಾಗಿ ಬೆಳೆದ ಪಾಚಿಯಲ್ಲ. ಏಡಿಯೇ ಹುಡುಕಿ, ಕತ್ತರಿಸಿ, ಒಂದೊಂದೇ ಎಳೆಯನ್ನು ಸಿಕ್ಕಿಸಿಕೊಂಡದ್ದು. ಅದನ್ನು ಉಜ್ಜಿ ತೆಗೆದರೆ ಈ ಪ್ರಾಣಿಯ ಬಗ್ಗೆ ಹೇಳಬಹುದಾದ ಅರ್ಧ ಸಂಗತಿ ಮೋರಿಗೆ ಹೋಯಿತು.

ಜಾತಿಯ ವಿಚಾರ. ಜೇಡ ಏಡಿಗಳೆಲ್ಲ ಮಜೋಯ್ಡಿಯಾ ಎಂಬ ದೊಡ್ಡ ಗುಂಪಿಗೆ ಸೇರಿದವು. ಜಪಾನಿನ ಆಳಸಮುದ್ರದಲ್ಲಿ ಕಾಲು ಚಾಚಿದರೆ 3.7 ಮೀಟರ್ ಆಗುವ ಮ್ಯಾಕ್ರೊಕೈರಾ ಇದೇ ಗುಂಪಿನದು, ನಿಮ್ಮ ಕೈಯಲ್ಲಿರುವ ಹೆಬ್ಬೆರಳ ಉಗುರಿನಷ್ಟಿರುವುದೂ ಇದೇ ಗುಂಪಿನದು. ನೀವು ಕೊಟ್ಟ ವಿವರಣೆ ಮೆನೆಥಿಯಸ್ ಮೊನೊಸೆರೊಸ್‌ಗೆ ಚೆನ್ನಾಗಿ ಹೊಂದುತ್ತದೆ. 1825ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಲಾತ್ರೇಯ್ ಹೆಸರಿಟ್ಟ ಜಾತಿ, ಕುಟುಂಬ ಎಪಿಯಾಲ್ಟಿಡೆ. "ಮೊನೊಸೆರೊಸ್" ಅಂದರೆ ಒಂಟಿ ಕೊಂಬಿನದು. ಕೆಂಪು ಸಮುದ್ರ ಮತ್ತು ಆಫ್ರಿಕಾದ ಪೂರ್ವ ಕರಾವಳಿಯಿಂದ ಹಿಡಿದು ನಮ್ಮ ಅರಬ್ಬೀ ಸಮುದ್ರ, ಜಪಾನ್, ಆಸ್ಟ್ರೇಲಿಯಾ ತನಕ ಆಳವಿಲ್ಲದ ನೀರಿನ ಪಾಚಿಯಲ್ಲಿ ಇರುತ್ತದೆ.

ಆದರೆ ಕೊಂಬು ಒಂದೇ ಇದೆ ಅಂತ ಅಷ್ಟಕ್ಕೇ ಲೇಬಲ್ ಬರೆಯಬೇಡಿ. ಸಿಮೋಕಾರ್ಸಿನಸ್ ಕುಲಕ್ಕೂ ಒಂಟಿ ಕೊಂಬೇ. ಹ್ಯುಯೆನಿಯಾ ಕುಲಕ್ಕೂ ಹಾಗೆಯೇ, ಆದರೆ ಅದರ ಮೈ ಎಲೆಯಂತೆ ಚಪ್ಪಟೆ. ಹ್ಯಾಲಿಮೀಡಾ ಪಾಚಿಯ ಬಿಲ್ಲೆಗಳ ನಡುವೆ ಆಕಾರದಿಂದಲೇ ಮರೆಯಾಗುತ್ತದೆ, ಮೈಮೇಲೆ ಹೆಚ್ಚು ಪಾಚಿ ಹೊತ್ತುಕೊಳ್ಳುವುದಿಲ್ಲ. ಕೊಂಬು ಎರಡಿದ್ದು V ಅಕ್ಷರದಂತೆ ಅಗಲಿದ್ದರೆ ಹಯಾಸ್ಟೆನಸ್ ನೋಡಿ. ಚಿಪ್ಪು ನುಣುಪಾಗಿ ಗುರಾಣಿಯಂತಿದ್ದು, ಕಾಲಿನ ತುದಿ ಹಿಂದಕ್ಕೆ ಮಡಚಿ ಪಾಚಿಯ ದಂಟನ್ನು ಗಟ್ಟಿಯಾಗಿ ಹಿಡಿಯುವಂತಿದ್ದರೆ ಅಕಾಂಥೋನಿಕ್ಸ್. ಸರ್ಗಾಸಮ್‌ನಲ್ಲಿ ಅದೂ ಸಿಗುತ್ತದೆ, ಆದ್ದರಿಂದ ಮೂರೂ ಒಂದೇ ಜಾತಿ ಅಂತ ಎಣಿಸದೆ ಒಂದೊಂದನ್ನೂ ಬೇರೆಯಾಗಿ ನೋಡಿ. ಗಂಡು ಇದ್ದರೆ ಹೊಟ್ಟೆಯಡಿಯ ಮಡಿಕೆ ಎತ್ತಿ ಮೊದಲ ಜೋಡಿ ಸಂಗಮಾಂಗದ ತುದಿಯ ಚಿತ್ರ ಬರೆದುಕೊಳ್ಳಿ. ಏಡಿಗಳಲ್ಲಿ ಜಾತಿ ಖಚಿತಪಡಿಸುವುದು ಬಹುಪಾಲು ಅದೇ.

ಈಗ ಪಾಚಿಯ ಕಥೆ. ಚಿಪ್ಪಿನ ಮೇಲೆ, ಕೊಂಬಿನ ಇಕ್ಕೆಲಗಳಲ್ಲಿ, ಕಾಲುಗಳ ಮೇಲ್ಬದಿಯಲ್ಲಿ ಕೊಕ್ಕೆಯಂತೆ ಬಾಗಿದ ಗಡುಸು ಕೂದಲುಗಳಿವೆ. ಡಿಸೆಕ್ಷನ್ ಮೈಕ್ರೋಸ್ಕೋಪಿನಲ್ಲಿ 40 ಪಟ್ಟು ದೊಡ್ಡದಾಗಿಸಿ ನೋಡಿದರೆ ಚಪ್ಪಲಿಯ ವೆಲ್ಕ್ರೋ ಪಟ್ಟಿಯ ಗಡಸು ಬದಿಯಂತೆಯೇ ಕಾಣುತ್ತದೆ. ಏಡಿ ತನ್ನ ಮುಂಗಾಲಿನ ಇಕ್ಕಳದಿಂದ ಪಾಚಿಯ ತುಂಡು ಹರಿಯುತ್ತದೆ, ಬಾಯಿಯ ಹತ್ತಿರ ತಂದು ಅಂಚನ್ನು ಕಚ್ಚಿ ಒರಟು ಮಾಡುತ್ತದೆ, ಆಮೇಲೆ ಇಕ್ಕಳವನ್ನು ಬೆನ್ನಿಗೆ ಚಾಚಿ ಆ ತುಂಡನ್ನು ಕೊಕ್ಕೆಗಳ ಮೇಲೆ ಹಿಂದೆಮುಂದೆ ತಿಕ್ಕುತ್ತದೆ. ಸಿಕ್ಕಿತೋ ಸರಿ, ಜಾರಿದರೆ ಮತ್ತೆ ಬಾಯಿಗೆ, ಮತ್ತೆ ಬೆನ್ನಿಗೆ. ಬಾಯಿಂದ ಬರುವ ಅಂಟಿನಿಂದ ಹಚ್ಚುತ್ತದೆ ಎಂಬ ಹಳೆಯ ಮಾತು ಇನ್ನೂ ಕೆಲವು ನೋಟ್ಸ್‌ಗಳಲ್ಲಿ ಓಡಾಡುತ್ತಿದೆ. ಹಿಡಿದಿಡುವುದು ಕೊಕ್ಕೆಗಳೇ. ಹೊಲದ ಬದುವಿನಲ್ಲಿ ಉತ್ತರಾಣಿ ಧೋತರಕ್ಕೆ ಹತ್ತುತ್ತದಲ್ಲ, ಹಾಗೆ. ವ್ಯತ್ಯಾಸ ಇಷ್ಟೇ: ಅಲ್ಲಿ ಹಿಡಿತ ಬೀಜದ್ದು, ಇಲ್ಲಿ ಮೈಯದ್ದು.

ನಿಜವಾಗಿ ಮೈಮೇಲೆ ಬೆಳೆದದ್ದನ್ನೂ ಸಿಕ್ಕಿಸಿಕೊಂಡದ್ದನ್ನೂ ಬೇರ್ಪಡಿಸಲು ಬರುತ್ತದೆ. ಸಿಕ್ಕಿಸಿಕೊಂಡ ತುಂಡು ಕೊಕ್ಕೆಗೂದಲು ಇರುವ ಸಾಲುಗಳಲ್ಲಿ ಮಾತ್ರ ಇರುತ್ತದೆ, ಕಡಿದ ಅಂಚು ಕಾಣುತ್ತದೆ, ಚಿಮಟದಿಂದ ಎಳೆದರೆ ಇಡಿಯಾಗಿ ಬರುತ್ತದೆ. ಬಾರ್ನಕಲ್, ಬ್ರಯೋಜೋವಾ ಮುಂತಾದ ಅಂಟಿಕೊಂಡು ಬದುಕುವ ಪ್ರಾಣಿಗಳು ಕೂದಲಿಲ್ಲದ ನುಣುಪು ಜಾಗದಲ್ಲೂ ಕೂತಿರುತ್ತವೆ, ಬುಡ ಚಿಪ್ಪಿಗೇ ಗಾರೆ ಹಾಕಿದಂತೆ ಅಂಟಿರುತ್ತದೆ. ಇಂಥವು ಹೆಚ್ಚಾಗಿದ್ದರೆ ಏಡಿ ಬಹಳ ದಿನದಿಂದ ಚಿಪ್ಪು ಕಳಚಿಲ್ಲ ಅಂತ ಅರ್ಥ.

ಇದೇ ನಿಮ್ಮ ಮೂರನೇ ಪ್ರಶ್ನೆಗೂ ದಾರಿ. ಜೇಡ ಏಡಿಗಳು ಸಾಯುವ ತನಕ ಬೆಳೆಯುತ್ತಲೇ ಇರುವುದಿಲ್ಲ. ಪ್ರಾಯಕ್ಕೆ ಬರುವಾಗ ಒಂದು ಸಲ ಚಿಪ್ಪು ಕಳಚುತ್ತವೆ, ಅದೇ ಕೊನೆಯದು. ಆಮೇಲೆ ಗಾತ್ರ ಹೆಚ್ಚುವುದಿಲ್ಲ, ಕಳಕೊಂಡ ಕಾಲು ಮತ್ತೆ ಮೂಡುವುದಿಲ್ಲ. ಯಾವ ಗಾತ್ರದಲ್ಲಿ ಈ ಕೊನೆಯ ಕಳಚುವಿಕೆ ಆಗುತ್ತದೆ ಎಂಬುದು ಏಡಿಯಿಂದ ಏಡಿಗೆ ಬೇರೆ. ಹಾಗಾಗಿ 9 ಮಿ.ಮೀ. ಏಡಿ ಪೂರ್ಣ ವಯಸ್ಕ ಆಗಿರಬಹುದು, 11 ಮಿ.ಮೀ. ಏಡಿ ಇನ್ನೂ ಮರಿಯೇ ಇರಬಹುದು. ಗಾತ್ರದ ಸಾಲು ಮಾಡಿ "ಬೆಳವಣಿಗೆ" ಅಂತ ಬರೆದರೆ ತಪ್ಪು ಪಾಠ ಹೇಳಿದಂತಾಗುತ್ತದೆ. ಹೆಣ್ಣಿನಲ್ಲಿ ಹೊಟ್ಟೆಯಡಿಯ ಮಡಿಕೆ ಅಗಲವಾಗಿ ಎದೆಭಾಗವನ್ನೆಲ್ಲ ಬಟ್ಟಲಿನಂತೆ ಮುಚ್ಚಿದ್ದರೆ ವಯಸ್ಕ, ಕಿರಿದಾಗಿ ಚಪ್ಪಟೆಯಾಗಿದ್ದರೆ ಮರಿ. ಗಂಡಿನಲ್ಲಿ ಇಕ್ಕಳ ಒಮ್ಮೆಲೇ ದಪ್ಪವಾಗಿರುವುದು ವಯಸ್ಕನ ಗುರುತು.

ವಾಸದ ಬಗ್ಗೆ ಒಂದು ಮಾತು ಸಾಕು, ಆದರೆ ಮುಖ್ಯವಾದದ್ದು. ಏಡಿ ಹುಡುಕಬೇಡಿ, ಪಾಚಿ ಹುಡುಕಿ. ನಮ್ಮ ಕರಾವಳಿಯ ಕಲ್ಲುಗಳ ಮೇಲೆ ಸರ್ಗಾಸಮ್, ಪಡೈನಾ, ಹಿಪ್ನಿಯಾ, ಉಲ್ವಾ ಮಳೆಗಾಲ ಮುಗಿದ ಮೇಲೆ ಚಿಗುರಿ ಚಳಿಗಾಲದಲ್ಲಿ ದಟ್ಟವಾಗುತ್ತವೆ, ಬೇಸಿಗೆಯಲ್ಲಿ ಒಣಗಿ ಕಿತ್ತುಹೋಗುತ್ತವೆ. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಮೇಲ್ಪದರವಾಗಿ ಹರಡುವ ಜಾಗದಲ್ಲಿ ಇವನ್ನು ಹುಡುಕಿ ಫಲವಿಲ್ಲ. ಜೇಡ ಏಡಿಗಳಿಗೆ ಮೈಯೊಳಗಿನ ಲವಣಾಂಶವನ್ನು ಕಾಯ್ದುಕೊಳ್ಳುವ ಶಕ್ತಿ ಬಹಳ ಕಡಿಮೆ. ಹೊರಗಿನ ನೀರು ಸಪ್ಪೆಯಾದರೆ ರಕ್ತವೂ ಸಪ್ಪೆಯಾಗುತ್ತದೆ. ಜೀವಂತ ಸಾಕುವ ಯೋಚನೆ ಇದ್ದರೆ ಈ ಒಂದು ವಾಕ್ಯ ಗೋಡೆಗೆ ಬರೆದಿಡಿ.

ಉಪ್ಪುನೀರ_ತೊಟ್ಟಿ_ಹುಬ್ಬಳ್ಳಿ

ಮ್ಯಾಲಿನವ್ರು ಹೇಳಿದ ಕಡೀ ಮಾತು ಬರೊಬ್ಬರಿ ಐತಿ. ತೊಟ್ಟಿ ಬಗ್ಗೆ ನಾ ಹೇಳ್ತೀನ್ರಿ.

60 ಲೀಟರಿನ್ಯಾಗ ಸಾಕಾಕ ಆಗ್ತೈತಿ, ಆದ್ರ ಏಡಿ ತರೂಕಿಂತ ಆರು ವಾರ ಮೊದ್ಲ ತೊಟ್ಟಿ ತಯಾರಾಗಿರಬೇಕು. ಕಲ್ಲು, ಉಸುಕು ಹಾಕಿದ ಮ್ಯಾಲ ಖರೇ ನೀರು ಹಿಡಿಯೂದು 50 ಲೀಟರ್ ಅಂತ ತಿಳೀರಿ. ಅಕ್ವೇರಿಯಂ ಅಂಗಡ್ಯಾಗ ಸಿಗೂ ಮರೈನ್ ಸಾಲ್ಟನ್ನ ಲೀಟರಿಗೆ 36ರಿಂದ 38 ಗ್ರಾಂ ಹಂಗ ಕಲಸಿದ್ರ 35 ಪಿಪಿಟಿ (ಸಾವಿರ ಭಾಗಕ್ಕ 35 ಭಾಗ ಉಪ್ಪು) ಬರ್ತೈತಿ. ಅಂದ್ರ 1.8ರಿಂದ 1.9 ಕೆ.ಜಿ. ಉಪ್ಪು. ಅಡಿಗಿ ಉಪ್ಪು ಬ್ಯಾಡ್ರಿ. ಅದ್ರಾಗ ಸೋಡಿಯಂ ಕ್ಲೋರೈಡ್ ಬಿಟ್ರ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇರೂದಿಲ್ಲ. ಏಡಿ ಹೊಸಾ ಚಿಪ್ಪು ಕಟ್ಟಾಕ ಕ್ಯಾಲ್ಸಿಯಂ ನೀರಾಗಿಂದನ ಎಳಕೋಬೇಕು. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷ ಭಾಗಕ್ಕ ಇಷ್ಟು ಭಾಗ), ಆಲ್ಕಲಿನಿಟಿ ಅಂದ್ರ ಆಮ್ಲ ತಡಿಯೂ ನೀರಿನ ಶಕ್ತಿ 8ರಿಂದ 11 ಡಿಕೆಎಚ್ (ಅದನ್ನ ಅಳಿಯೂ ಮಾನ) ನಡುವ ಇರ್ಲಿ.

ನೀರು ಆರ್‌ಓ ನೀರೇ ಆಗಬೇಕು. ನಮ್ಮ ಅವಳಿ ನಗರದಾಗ ನಳದಾಗ ಬರೂ ಮಲಪ್ರಭಾ ನೀರಿಗೆ ಕ್ಲೋರಿನ್ ಹಾಕಿರ್ತಾರ, ಬೋರ್ ನೀರಾಗ ಗಡಸುತನ, ನೈಟ್ರೇಟ್ ಜಾಸ್ತಿ ಇರಬಹುದು. ತಾಮ್ರದ ಕೊಡದಾಗ ನೀರು ತುಂಬಿ ಇಟ್ಟು ತೊಟ್ಟಿಗೆ ಹಾಕಬ್ಯಾಡ್ರಿ, ಮೀನಿನ ರೋಗಕ್ಕ ಕೊಡೂ ತಾಮ್ರದ ಔಷಧಿ ಒಮ್ಮೆ ಹಾಕಿದ ತೊಟ್ಟಿನೂ ಬ್ಯಾಡ. ತಾಮ್ರಾನ ಮೀನು ತಡ್ಕೋತಾವ, ಏಡಿ ಸಿಗಡಿಗೆ ಅದು ವಿಷ.

ಹುಬ್ಬಳ್ಳಿ ಧಾರವಾಡದಾಗ ತೊಟ್ಟಿ ಕೆಡೂದು ಭಾಳ ಸಲ ಆವಿ ಆಗೂದ್ರಿಂದ. ಮಾರ್ಚ್ ಏಪ್ರಿಲ್‌ದಾಗ ಹವಾ ಒಣಾ ಇರ್ತೈತಿ, ನೀರು ಆರತೈತಿ, ಉಪ್ಪು ಅಲ್ಲೇ ಉಳೀತೈತಿ. 50 ಲೀಟರಿನ್ಯಾಗ 2 ಲೀಟರ್ ಆರಿದ್ರ 35 ಇದ್ದದ್ದು 36.5 ಆಗ್ತೈತಿ, 5 ಲೀಟರ್ ಆರಿದ್ರ 39ರ ಹತ್ರ ಹೋಗ್ತೈತಿ. ಇಲ್ಲಿ ಮಂದಿ ಮಾಡೂ ತಪ್ಪು ಏನಂದ್ರ, ಕಮ್ಮಿ ಆದ ನೀರಿಗೆ ಉಪ್ಪುನೀರ ತುಂಬ್ತಾರ. ಸಾದಾ ಆರ್‌ಓ ನೀರು ಹಾಕ್ಬೇಕು. ತೊಟ್ಟಿ ಗಾಜಿನ ಮ್ಯಾಲ ಪೆನ್ನಿಲೆ ಗೆರಿ ಹಾಕ್ರಿ, ದಿನಾ ಮುಂಜಾನೆ ಆ ಗೆರಿ ತನಕ ತುಂಬ್ರಿ. ನಾಕ ದಿನದ್ದು ಒಮ್ಮೆಲೇ ತುಂಬಿದ್ರ ಉಪ್ಪಿನ ಪ್ರಮಾಣ ಗಪ್ಪನ ಇಳೀತೈತಿ, ಏಡಿ ತಡಿಯೂದಿಲ್ಲ. ಉಪ್ಪಿನ ಪ್ರಮಾಣ ಅಳಿಯಾಕ ರಿಫ್ರಾಕ್ಟೋಮೀಟರ್ ಇಡ್ರಿ, ಅದನ್ನ 35 ಪಿಪಿಟಿ ಸ್ಟ್ಯಾಂಡರ್ಡ್ ದ್ರಾವಣದಿಂದ ಸರಿ ಮಾಡ್ಕೋರಿ. ತೇಲೂ ಹೈಡ್ರೋಮೀಟರಿಗೆ ಒಂದ್ ಗುಳ್ಳಿ ಅಂಟಿದ್ರೂ ತಪ್ಪು ತೋರಸ್ತೈತಿ.

ಉಷ್ಣತಾ 25ರಿಂದ 27 ಡಿಗ್ರಿ. ಡಿಸೆಂಬರ್ ಜನವರಿ ರಾತ್ರಿ ಧಾರವಾಡದಾಗ ಥಂಡಿ ಇರ್ತೈತಿ, 100 ವ್ಯಾಟಿನ ಹೀಟರ್ ಬೇಕ. ಬ್ಯಾಸಿಗ್ಯಾಗ ನೀರಿನ ಮ್ಯಾಲ ಸಣ್ಣ ಫ್ಯಾನ್ ಹಚ್ಚಿದ್ರ ಎರಡು ಮೂರು ಡಿಗ್ರಿ ಇಳೀತೈತಿ, ಆದ್ರ ಆವಿ ಇನ್ನೂ ಜಾಸ್ತಿ ಆಗ್ತೈತಿ, ಗೆರಿ ನೋಡೂದು ಬಿಡಬ್ಯಾಡ್ರಿ. ಕರೆಂಟ್ ಹೋದಾಗ ನಡಿಯೂ ಬ್ಯಾಟರಿ ಏರ್ ಪಂಪ್ ಒಂದು ಇರ್ಲಿ.

ಮೊದಲ ಆರು ವಾರ ಏಡಿ ಇಲ್ದ ತೊಟ್ಟಿ ನಡಸ್ರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು, ನೈಟ್ರೇಟ್ 20 ಪಿಪಿಎಂ ಒಳಗ ನಿಂತ ಮ್ಯಾಲ ಏಡಿ ಬಿಡ್ರಿ. ಪಾಚಿಗೆ ದಿನಾ 8ರಿಂದ 10 ತಾಸು ಬೆಳಕು ಬೇಕು. ಪಾಚಿ ಸತ್ತು ಕೊಳೀತಂದ್ರ ಅಮೋನಿಯಾ ಏರ್ತೈತಿ, ಏಡಿಗೆ ಹೊತ್ಕೊಳ್ಳಾಕೂ ಏನೂ ಉಳಿಯೂದಿಲ್ಲ.

ಕಾರವಾರದಿಂದ ತರೂದು. ಯಲ್ಲಾಪುರ, ಅರಬೈಲ್ ಘಟ್ಟದ ದಾರಿ ಒಟ್ಟು ನಾಕ ತಾಸು ಹಿಡೀರಿ. ಒಂದು ಚೀಲಕ್ಕ ಒಂದ ಏಡಿ, ಕಾಲು ಭಾಗ ನೀರು, ಮುಕ್ಕಾಲು ಭಾಗ ಗಾಳಿ. ಹಿಡ್ಕೊಂಡು ಕೂಡಾಕ ಪಾಚಿಯ ಎರಡು ಎಳಿ ಸಾಕು. "ಪಾಚಿ ಜಾಸ್ತಿ ಹಾಕಿದ್ರ ಆರಾಮ ಇರ್ತೈತಿ" ಅಂತ ಚೀಲ ತುಂಬಿದ್ರ, ಕತ್ತಲ ಡಬ್ಬಿ ಒಳಗ ಪಾಚಿನೂ ಉಸಿರಾಡಿ ಆಮ್ಲಜನಕ ತಿಂದ್ಬಿಡ್ತೈತಿ. ಥರ್ಮಾಕೋಲ್ ಡಬ್ಬಿ ಬಳಸ್ರಿ, ಬಿಸಿಲಿದ್ರ ಪೇಪರ್ ಸುತ್ತಿದ ಐಸ್ ಬಾಟ್ಲಿ ಮೂಲ್ಯಾಗ ಇಡ್ರಿ, ಚೀಲಕ್ಕ ತಾಗಬಾರದು. ತೊಟ್ಟಿಗೆ ಬಿಡೂ ಮುಂಚೆ ಸಣ್ಣ ಪೈಪಿಗೆ ಗಂಟು ಹಾಕಿ ಸೆಕೆಂಡಿಗೆ ಎರಡು ಮೂರು ಹನಿ ಹಂಗ ತೊಟ್ಟಿ ನೀರನ್ನ ಏಡಿ ಇರೂ ಪಾತ್ರಿಗೆ ಬಿಡ್ರಿ. ಒಂದೂವರಿ ಎರಡು ತಾಸು ಬೇಕು. ಅವಸರ ಮಾಡಿದ್ರ ಮರುದಿನ ಸತ್ತಿರ್ತೈತಿ, ಆಗ ನೀರು ಟೆಸ್ಟ್ ಮಾಡಿದ್ರ ಎಲ್ಲಾ ಸರಿನ ತೋರಸ್ತೈತಿ, ಕಾರಣ ತಿಳಿಯೂದಿಲ್ಲ.

ಊಟ: ಪಾಚಿ ತಾನ ತಿಂತೈತಿ. ವಾರಕ್ಕ ಎರಡು ಸಲ ಅಕ್ಕಿಕಾಳಿನಷ್ಟು ಸಿಗಡಿ ಚೂರು ಕೊಡ್ರಿ. ಉಳಿದದ್ದು ಎರಡು ತಾಸಿನ ಒಳಗ ತಗದ್ಬಿಡ್ರಿ. ಚಿಪ್ಪು ಕಳಚಿದಾಗ "ಸತ್ತೈತಿ" ಅಂತ ತಿಳಿದು ಖಾಲಿ ಚಿಪ್ಪು ತಗೀಬ್ಯಾಡ್ರಿ. ಹಳೇ ಚಿಪ್ಪಿನ ಮ್ಯಾಲಿನ ಪಾಚಿನ ಬಿಚ್ಚಿ ಹೊಸಾ ಮೈಗೆ ಹಚ್ಕೊಳ್ಳೂದು ಇವುಗಳ ಪದ್ಧತಿ. ಒಂದೆರಡು ದಿನ ಹಂಗ ಬಿಟ್ರ ಅದನ್ನ ಕಣ್ಣಿಲೆ ನೋಡಬಹುದು. ಅದ ಹೊತ್ತಿನ್ಯಾಗ ಮೈ ಮೆತ್ತಗ ಇರ್ತೈತಿ, ಜೊತಿಗೆ ಇನ್ನೊಂದು ಏಡಿ ಇದ್ರ ತಿಂದ್ಬಿಡ್ತೈತಿ. ಅದಕ್ಕ ತೊಟ್ಟಿಗೆ ಒಂದ ಏಡಿ.

ಇಷ್ಟೆಲ್ಲಾ ಓದಿ, ವರ್ಷಪೂರ್ತಿ ರಜಾ ದಿನಾನೂ ಗೆರಿ ತನಕ ನೀರು ತುಂಬೂ ಮನುಷ್ಯಾ ಕಾಲೇಜಿನ್ಯಾಗ ಇದ್ರ ಮಾಡ್ರಿ. ಇಲ್ಲಾಂದ್ರ ದಯವಿಟ್ಟು ತರಬ್ಯಾಡ್ರಿ, ಪಾಪ ಅದು.

ಬಾಟಲಿ_ಲೇಬಲ್_ಗದಗ

ಕಾಲು ಕಳಚಿದ ಬಗ್ಗೆ. ಏಡಿಯ ಕಾಲಿನ ಬುಡದಲ್ಲಿ ತಾನಾಗಿ ಮುರಿದುಕೊಳ್ಳಲೆಂದೇ ಒಂದು ಸೀಳುಗೆರೆ ಇರುತ್ತದೆ. ಶತ್ರು ಕಾಲು ಹಿಡಿದಾಗ ಅಲ್ಲಿಂದ ಕಳಚಿ ಓಡಿಹೋಗಲು ಇರುವ ವ್ಯವಸ್ಥೆ. ಜೀವಂತ ಏಡಿಯನ್ನು ನೇರವಾಗಿ ಆಲ್ಕೋಹಾಲ್ ಅಥವಾ ಫಾರ್ಮಲಿನ್‌ಗೆ ಹಾಕಿದರೆ ಆ ಆಘಾತಕ್ಕೇ ಕಾಲು ಬಿಡುತ್ತದೆ. ಆದ್ದರಿಂದ ಮೊದಲು ತಣ್ಣಗೆ ಮಾಡಿ. ಸ್ವಲ್ಪ ಸಮುದ್ರದ ನೀರಿನ ಜೊತೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಒಂದು ತಾಸು, ಮಂಕಾದ ಮೇಲೆ ಫ್ರೀಜರಿನಲ್ಲಿ. ಚಿಮಟದಿಂದ ಮುಟ್ಟಿದರೂ ಬಾಯಂಗಗಳು ಅಲುಗದಿದ್ದಾಗ ಮಾತ್ರ ಆಲ್ಕೋಹಾಲಿಗೆ. ಡಬ್ಬಿಗೆ ನಳದ ನೀರು ಹಾಕುವುದು ಬೇಡ, ಅದರಿಂದಲೂ ಕಾಲು ಕಳಚುತ್ತದೆ.

ಆಕಾರ ನೋಡಲು 70 ಶೇಕಡಾ ಎಥನಾಲ್. 95ರದ್ದು ಇದ್ದರೆ 70 ಮಿ.ಲೀ. ಎಥನಾಲ್‌ಗೆ 25 ಮಿ.ಲೀ. ಭಟ್ಟಿ ಇಳಿಸಿದ ನೀರು ಸೇರಿಸಿ. ಏಡಿಯ ಮೈಯಲ್ಲೇ ನೀರು ಇರುವುದರಿಂದ ಒಂದು ದಿನದ ಮೇಲೆ ಆ ದ್ರಾವಣ ಚೆಲ್ಲಿ ಹೊಸದು ತುಂಬಿ. ಇದನ್ನು ಬಿಟ್ಟವರ ಬಾಟಲಿಯಲ್ಲಿ ಆರು ತಿಂಗಳಿಗೆ ಒಳಗಿನ ಅಂಗ ಕೊಳೆತು ದ್ರಾವಣ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಡಿಎನ್‌ಎ ಪರೀಕ್ಷೆಗೆ ಕಳಿಸುವ ಸಾಧ್ಯತೆ ಇದ್ದರೆ ಒಂದು ಕಾಲನ್ನು ಮೊದಲೇ ತೆಗೆದು 95ರ ಎಥನಾಲ್‌ನಲ್ಲಿ ಬೇರೆ ಸಣ್ಣ ಸೀಸೆಯಲ್ಲಿಡಿ. ಬಫರ್ ಮಾಡದ, ಅಂದರೆ ಆಮ್ಲ ತಡೆಯುವ ಪದಾರ್ಥ ಸೇರಿಸದ ಫಾರ್ಮಲಿನ್ ಆಮ್ಲೀಯವಾಗಿ ಚಿಪ್ಪಿನ ಸುಣ್ಣ ಕರಗಿಸುತ್ತದೆ. ಏಡಿಗೆ ಅದನ್ನು ಬಳಸಬೇಡಿ.

ಪಾಚಿಗೆ ಮಾತ್ರ ಲೆಕ್ಕ ಬೇರೆ. ಎಥನಾಲ್‌ನಲ್ಲಿ ಅದರ ಹಸಿರು ಬಿಟ್ಟು ಬಿಳಿಚಿಕೊಳ್ಳುತ್ತದೆ, ಯಾವ ಪಾಚಿ ಅಂತ ಗುರುತಿಸಲು ಕಷ್ಟವಾಗುತ್ತದೆ. ಆದ್ದರಿಂದ ಏಡಿ ತಾಜಾ ಇರುವಾಗಲೇ ಸಮುದ್ರದ ನೀರಿನಲ್ಲಿ ಮುಳುಗಿಸಿ, ಕಪ್ಪು ಹಿನ್ನೆಲೆಯಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಮೇಲಿನಿಂದ ಮತ್ತು ಎಡಬಲದಿಂದ ಫೋಟೋ ತೆಗೆಯಿರಿ. ಆಮೇಲೆ ಬಲ ಅರ್ಧದ ಪಾಚಿಯನ್ನಷ್ಟೇ ಚಿಮಟದಿಂದ ಎಳೆ ಎಳೆಯಾಗಿ ಬಿಡಿಸಿ, 4 ಶೇಕಡಾ ಫಾರ್ಮಲಿನ್ ಬೆರೆಸಿದ ಸಮುದ್ರದ ನೀರಿನಲ್ಲಿ ಬೇರೆ ಸೀಸೆಗೆ ಹಾಕಿ. ಎಡ ಅರ್ಧ ಹಾಗೇ ಇರಲಿ. ಆಗ ಒಂದೇ ಮಾದರಿಯಲ್ಲಿ ಬಲಗಡೆ ಕೊಕ್ಕೆಗೂದಲು, ಎಡಗಡೆ ಅದರ ಕೆಲಸ ಎರಡನ್ನೂ ತೋರಿಸಬಹುದು. ಕೊಂಬಿನ ಜುಟ್ಟನ್ನು ಮುಟ್ಟಬೇಡಿ. ವಾಸನೆ ಹಿಡಿಯುವ ಸಣ್ಣ ಮೀಸೆಗಳು ಅಲ್ಲೇ ಹತ್ತಿರ ಸದಾ ಅಲುಗುತ್ತಿರುತ್ತವೆ, ಆ ಅಲುಗಾಟವನ್ನು ಮರೆಮಾಡುವುದು ಅದೇ ಜುಟ್ಟು ಇರಬಹುದು.

ಅಳತೆ: ವರ್ನಿಯರ್‌ನಲ್ಲಿ ಕೊಂಬಿನ ತುದಿಯಿಂದ ಒಂದು ಸಲ, ಕಣ್ಣಿನ ಗೂಡಿನಿಂದ ಹಿಂದಿನ ಅಂಚಿನ ತನಕ ಇನ್ನೊಂದು ಸಲ, ಎರಡನ್ನೂ ಬರೆಯಿರಿ. ಕೊಂಬಿನ ತುದಿ ಆಗಾಗ ಮುರಿದಿರುತ್ತದೆ, ಮೊದಲನೆಯದನ್ನಷ್ಟೇ ನಂಬಿದರೆ ಹೋಲಿಕೆ ತಪ್ಪುತ್ತದೆ. ಇಕ್ಕಳದ ಎತ್ತರವನ್ನೂ ಅಳೆಯಿರಿ. ಇಪ್ಪತ್ತು ಮೂವತ್ತು ಗಂಡುಗಳ ಅಳತೆ ಸಿಕ್ಕರೆ ಚಿಪ್ಪಿನ ಉದ್ದಕ್ಕೆ ಎದುರಾಗಿ ಇಕ್ಕಳದ ಎತ್ತರವನ್ನು ಗ್ರಾಫಿನಲ್ಲಿ ಹಾಕಿ. ಮರಿಗಳ ಚುಕ್ಕೆ ಕೆಳಗೆ, ವಯಸ್ಕರದ್ದು ಮೇಲೆ ಬೇರೆಯಾಗಿ ಕೂರುತ್ತವೆ. ಅಷ್ಟು ಸಂಖ್ಯೆಗಾಗಿ ಏಡಿ ಕೊಲ್ಲುವುದು ಬೇಡ, ದಂಡೆಯಲ್ಲೇ ಅಳೆದು ಬಿಡಬಹುದು.

ಲೇಬಲ್ ಪೆನ್ಸಿಲ್‌ನಲ್ಲಿ, ದಪ್ಪ ಕಾಗದದ ಮೇಲೆ, ಸೀಸೆಯ ಒಳಗೆ. ಬಾಲ್‌ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಬಿಟ್ಟುಹೋಗುತ್ತದೆ. ಜಾಗ, ದಿನಾಂಕ, ಇಳಿತದ ಸಮಯ, ಯಾವ ಪಾಚಿಯ ಮೇಲೆ ಸಿಕ್ಕಿತು, ಏನು ಹೊತ್ತಿತ್ತು. ಕೊನೆಯ ಎರಡು ಬಹುಪಾಲು ಲೇಬಲ್‌ಗಳಲ್ಲಿ ಇರುವುದೇ ಇಲ್ಲ. ಅವೆರಡೂ ಬೇರೆ ಬೇರೆ ಆಗಿರಬಹುದು: ಕೂತದ್ದು ಸರ್ಗಾಸಮ್ ಮೇಲೆ, ಹೊತ್ತದ್ದು ಹಿಪ್ನಿಯಾ.

ಹಾನಗಲ್_ಗದ್ದೆ

ಬೆಳವಣಿಗೆಯ ಹಂತ ತೋರಿಸಲೇಬೇಕು ಅಂದರೆ ನಿಮ್ಮ ಹತ್ತಿರದಲ್ಲೇ ಒಳ್ಳೆಯ ಜೋಡಿ ಇದೆ ನೋಡ್ರಿ. ಹಾನಗಲ್, ಕಲಘಟಗಿ ಕಡೆ ಭತ್ತದ ಗದ್ದೆ ಬದುವಿನ ಬಿಲದಲ್ಲಿ ಸಿಗುವ ಸಿಹಿನೀರಿನ ಏಡಿ, ಬ್ಯಾರಿಟೆಲ್ಫುಸಾ ಕುಲದ್ದು. ಅದರ ಮೊಟ್ಟೆ ದೊಡ್ಡದು, ಸಂಖ್ಯೆ ಕಡಿಮೆ. ಲಾರ್ವಾ ಹಂತವೆಲ್ಲ ಮೊಟ್ಟೆಯ ಒಳಗೇ ಮುಗಿದು, ಹೊರಗೆ ಬರುವಾಗಲೇ ಪುಟ್ಟ ಏಡಿಯಾಗಿರುತ್ತದೆ. ತಾಯಿ ಹೊಟ್ಟೆಯ ಮಡಿಕೆಯಲ್ಲಿ ಮರಿಗಳನ್ನು ಕೆಲವು ದಿನ ಹೊತ್ತು ತಿರುಗುತ್ತದೆ.

ಜೇಡ ಏಡಿ ಇದಕ್ಕೆ ಉಲ್ಟಾ. ಸಣ್ಣ ಮೊಟ್ಟೆಗಳ ಗೊಂಚಲು, ಹೊಸದಾಗಿದ್ದಾಗ ಕಿತ್ತಳೆ ಬಣ್ಣ, ಒಡೆಯುವ ಹೊತ್ತಿಗೆ ಕಂದಾಗಿ ಒಳಗೆ ಕರಿ ಕಣ್ಣು ಕಾಣುತ್ತದೆ. ಹೊರಬಂದ ಜೊಯಿಯಾ ಎಂಬ ಲಾರ್ವಾ ನೀರಲ್ಲಿ ತೇಲುತ್ತ ಹೋಗುತ್ತದೆ. ಜೇಡ ಏಡಿಗಳ ಗುಂಪಿನಲ್ಲಿ ಜೊಯಿಯಾ ಹಂತ ಎರಡೇ, ಆಮೇಲೆ ಮೆಗಲೋಪಾ ಎಂಬ ಒಂದು ಕೊನೆಯ ಲಾರ್ವಾ ಹಂತ, ಆಮೇಲೆ ತಳಕ್ಕೆ ಇಳಿದು ಏಡಿ. ಹೋಲಿಸಬೇಕೆಂದರೆ ಅಳಿವೆಯ ಮಣ್ಣೇಡಿ ಸಿಲ್ಲಾ ಸೆರಾಟಾದಲ್ಲಿ ಜೊಯಿಯಾ ಹಂತ ಐದು. ಮೂರು ಏಡಿ, ಮೂರು ರೀತಿ. ಒಂದೇ ಬೋರ್ಡಿನಲ್ಲಿ ಬರುತ್ತದೆ. ಗದ್ದೆ ಏಡಿಯ ಮೈಮೇಲೆ ಕೊಕ್ಕೆಗೂದಲು ಇಲ್ಲ ಅನ್ನುವುದನ್ನೂ ಮೈಕ್ರೋಸ್ಕೋಪಿನಲ್ಲಿ ತೋರಿಸಿ, ಅದರ ಬೆನ್ನಿನ ಕೆಸರು ಬರೀ ಕೆಸರು.

ಇನ್ನೊಂದು: ಜೇಡ ಏಡಿಯ ಹೆಣ್ಣು ಗಂಡಿನಿಂದ ಪಡೆದ ವೀರ್ಯವನ್ನು ಒಳಗೆ ಚೀಲದಲ್ಲಿ ಕೂಡಿಟ್ಟುಕೊಂಡು ಮುಂದಿನ ಮೊಟ್ಟೆಗಳಿಗೂ ಬಳಸಬಲ್ಲದು. ಹಾಗಾಗಿ ಒಂಟಿಯಾಗಿಟ್ಟ ಹೆಣ್ಣು ಮತ್ತೆ ಮೊಟ್ಟೆ ಇಟ್ಟರೆ ಗಾಬರಿಯಾಗಬೇಡಿ.

ಪ್ರಯೋಗಶಾಲೆ_ಧಾರವಾಡ

ಎಲ್ಲರಿಗೂ ತುಂಬ ಧನ್ಯವಾದ. ಬ್ರಷ್ ನಿಲ್ಲಿಸಿದೆವು, ಗಾತ್ರದ ಸಾಲಿನ ಬೋರ್ಡ್ ತೆಗೆದೆವು. ಜೀವಂತ ತರುವ ಯೋಚನೆಯನ್ನೂ ಬಿಡುತ್ತಿದ್ದೇವೆ, ಬೇಸಿಗೆ ರಜೆಯಲ್ಲಿ ನೀರು ತುಂಬಲು ಯಾರೂ ಇರುವುದಿಲ್ಲ. ಹಾಗಾದರೆ ಏಡಿ ಪಾಚಿ ಹೊದೆಯುವುದನ್ನು ವಿದ್ಯಾರ್ಥಿಗಳಿಗೆ ಕಾರವಾರದ ದಂಡೆಯಲ್ಲೇ, ಒಂದು ದಿನದ ಪ್ರವಾಸದಲ್ಲಿ ತೋರಿಸಲು ಸಾಧ್ಯವೇ? 30 ಮಂದಿ ಇರುತ್ತಾರೆ.

ಇಳಿತದ_ಹೊತ್ತು

ಖಂಡಿತ ಸಾಧ್ಯ, ಅದೇ ಒಳ್ಳೆಯದು. ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದು ಒಂದೆರಡು ದಿನದೊಳಗೆ, ನವೆಂಬರ್‌ನಿಂದ ಫೆಬ್ರವರಿ ನಡುವೆ ಒಂದು ದಿನ ಆರಿಸಿ. ಆ ದಿನ ಕಾರವಾರದ ಉಬ್ಬರವಿಳಿತದ ಪಟ್ಟಿ ನೋಡಿ, ಅತಿ ಕಡಿಮೆ ನೀರಿನ ಸಮಯಕ್ಕಿಂತ ಒಂದು ತಾಸು ಮೊದಲೇ ದಂಡೆಯಲ್ಲಿರಿ. ಬಸ್ಸು ತಡವಾಗಿ ನೀರು ಏರತೊಡಗಿದ ಮೇಲೆ ಕಲ್ಲಿಗೆ ಇಳಿಯುವುದು ಅಪಾಯ. ನೌಕಾನೆಲೆಗೆ ಸೇರಿದ ತೀರಗಳಿಗೆ ಪ್ರವೇಶವಿಲ್ಲ, ಜಾಗ ಮೊದಲೇ ವಿಚಾರಿಸಿ.

ಐದೈದು ಮಂದಿಯ ಆರು ಗುಂಪು ಮಾಡಿ. ಗುಂಪಿಗೊಂದು ಬಿಳಿ ಪ್ಲಾಸ್ಟಿಕ್ ಟಬ್, ಒಂದು ಬಕೆಟ್, ಒಂದು ಚಿಮಟ. ಬಿಳಿಯೇ ಆಗಬೇಕು; ನೀಲಿ ಟಬ್ಬಿನಲ್ಲಿ ಈ ಏಡಿ ಕಣ್ಣಿಗೆ ಬೀಳುವುದಿಲ್ಲ. ಬಕೆಟ್‌ನಲ್ಲಿ ಸಮುದ್ರದ ನೀರು ತುಂಬಿ, ಸರ್ಗಾಸಮ್ ಗೊಂಚಲನ್ನು ಕಲ್ಲಿನಿಂದ ಕೀಳದೆ, ಅದು ಇದ್ದಲ್ಲೇ ಬಗ್ಗಿಸಿ ಬಕೆಟ್‌ನೊಳಗೆ ಇಪ್ಪತ್ತು ಸಲ ಜಾಡಿಸಿ. ಬೇರು ಕಿತ್ತರೆ ಮುಂದಿನ ತಂಡಕ್ಕೆ ಏನೂ ಉಳಿಯದು. ಬಕೆಟ್ ನೀರನ್ನು ಟಬ್ಬಿಗೆ ಸುರಿದು ಎರಡು ನಿಮಿಷ ಯಾರೂ ಅಲುಗದೆ ನೋಡಿ. ಪಾಚಿ ಚೂರುಗಳಲ್ಲಿ ಒಂದು ತಾನಾಗಿ ನಡೆದರೆ ಅದೇ ನಿಮ್ಮ ಏಡಿ. ಹಿಡಿಯುವಾಗ ಚಿಪ್ಪಿನ ಎರಡು ಬದಿಗೆ ಬೆರಳಿಡಿ, ಕಾಲು ಹಿಡಿದರೆ ಕಾಲಷ್ಟೇ ಕೈಗೆ ಬರುತ್ತದೆ. ಹವಳ, ಕಡಲಕುದುರೆ, ಸೀ-ಫ್ಯಾನ್ ಕಂಡರೆ ನೋಡಿ ಬಿಡಿ, ಅವು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ.

ಏಡಿಯನ್ನು ಎರಡು ಲೀಟರ್ ತಾಜಾ ಸಮುದ್ರದ ನೀರಿರುವ ಟಬ್ಬಿಗೆ ಹಾಕಿ, ನೆರಳಲ್ಲಿಡಿ. ಮೊದಲೇ ಒಂದು ಏಡಿಯ ಬೆನ್ನಿನ ಪಾಚಿಯನ್ನಷ್ಟೇ ಚಿಮಟದಿಂದ ಬಿಡಿಸಿ, ಕಣ್ಣು ಮತ್ತು ಕೊಂಬಿನ ಸುತ್ತ ಬೇಡ. ಆಮೇಲೆ ಉಲ್ವಾ, ಪಡೈನಾ, ಹಿಪ್ನಿಯಾ ಮೂರನ್ನೂ ಒಂದು ಸೆಂ.ಮೀ. ತುಂಡು ಮಾಡಿ ಬೇರೆ ಬೇರೆ ಮೂಲೆಗೆ ಹಾಕಿ. ಬಣ್ಣದ ಉಣ್ಣೆ ನೂಲಿನ ತುಂಡೂ ಕೆಲವಿರಲಿ, ದೂರದಿಂದ ನೋಡುವ ವಿದ್ಯಾರ್ಥಿಗೆ ಕೆಂಪು ನೂಲು ಬೆನ್ನೇರುವುದು ಚೆನ್ನಾಗಿ ಕಾಣುತ್ತದೆ. ಅಕ್ರಿಲಿಕ್ ನೂಲು ಬೇಡ. ಅರ್ಧ ತಾಸಿಗೊಮ್ಮೆ ನೀರು ಬದಲಿಸಿ; ಬಿಸಿಲಿಗೆ ಟಬ್ ಬೇಗ ಕಾಯುತ್ತದೆ, ಬಿಸಿಯಾದ ನೀರಿನಲ್ಲಿ ಏಡಿ ಸುಮ್ಮನೆ ಕೂತುಬಿಡುತ್ತದೆ. ಕೆಲವು ಏಡಿ ಹಿಡಿದ ಗಾಬರಿಯಲ್ಲಿ ಮೊದಲ ಅರ್ಧ ತಾಸು ಏನೂ ಮಾಡುವುದಿಲ್ಲ. ಟಬ್ ತಟ್ಟಬೇಡಿ, ನಿಮ್ಮ ನೆರಳು ಏಡಿಯ ಮೇಲೆ ಬೀಳದಂತೆ ನಿಲ್ಲಿ.

ಪ್ರತಿ ಗುಂಪು ಬರೆದುಕೊಳ್ಳಬೇಕಾದದ್ದು: ಮೊದಲ ತುಂಡು ಎತ್ತಲು ಎಷ್ಟು ನಿಮಿಷ, ಯಾವುದನ್ನು ಎತ್ತಿತು, ಬಾಯಿಗೆ ಎಷ್ಟು ಸಲ ಒಯ್ದಿತು, ಮೈಯ ಯಾವ ಭಾಗಕ್ಕೆ ಮೊದಲು ಸಿಕ್ಕಿಸಿತು, ಯಾವುದನ್ನು ತಿಂದಿತು, ಯಾವುದನ್ನು ಬರೀ ಹೊದ್ದಿತು. ಕೊನೆಯ ಪ್ರಶ್ನೆ ಬಿಡಬೇಡಿ. ಅಮೆರಿಕದ ಪೂರ್ವ ಕರಾವಳಿಯ ಲಿಬಿನಿಯಾ ಡುಬಿಯಾ ಎಂಬ ಜೇಡ ಏಡಿಯ ಮರಿಗಳು ಡಿಕ್ಟಿಯೋಟಾ ಎಂಬ ಪಾಚಿಯನ್ನೇ ಆರಿಸಿ ಹೊದೆಯುತ್ತವೆ. ಅದರಲ್ಲಿರುವ ರಾಸಾಯನಿಕದಿಂದಾಗಿ ಮೀನುಗಳು ಅದನ್ನು ತಿನ್ನುವುದಿಲ್ಲ. ಅಲ್ಲಿ ಪಾಚಿ ಮರೆ ಮಾತ್ರವಲ್ಲ, ಕಾವಲೂ ಹೌದು. ನಿಮ್ಮ ಮೂರು ಪಾಚಿಗಳಲ್ಲಿ ಇವು ಯಾವುದನ್ನು ಹೊದೆಯುತ್ತವೆ, ಯಾವುದನ್ನು ತಿನ್ನುತ್ತವೆ ಅಂತ ಆರು ಗುಂಪಿನ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ.

ಬಿಡುವ ಮೊದಲು ನೂಲಿನ ತುಂಡುಗಳನ್ನು ಎಣಿಸಿ ತೆಗೆಯಿರಿ, ಎಷ್ಟು ಹಾಕಿದ್ದಿರೋ ಅಷ್ಟೂ ಕೈಗೆ ಬರಬೇಕು. ಬೆನ್ನಿನ ಮೇಲೆ ಪಾಚಿ ಇಲ್ಲದ ಏಡಿಯನ್ನು ಬರಿ ಕಲ್ಲಿನ ಮೇಲೆ ಬಿಟ್ಟರೆ ಮೀನಿನ ಬಾಯಿಗೆ ಹೋಗುತ್ತದೆ. ಅದೇ ಹೊಂಡದ ಅದೇ ಗೊಂಚಲಿನ ಬುಡಕ್ಕೆ ಕೈ ಮುಳುಗಿಸಿ, ಅದು ದಂಟು ಹಿಡಿದುಕೊಂಡ ಮೇಲೆ ಕೈ ತೆಗೆಯಿರಿ. ನೀರು ತಿರುಗಿ ಏರಲು ಶುರುವಾಗುವ ಮೊದಲೇ ಇದೆಲ್ಲ ಮುಗಿದಿರಲಿ.